ಒತ್ತೆಯ ಕೂಸು

ಕ್ರಿಸ್ತಶಕ 1251, ಸಂತ ಮೈಕೇಲರ ಹಬ್ಬದ ಮರುದಿನ

ಕೊಟ್ಟು ಬಂದೆ.

ಸೇತುವೆಯ ಆ ತುದಿಯಲ್ಲಿ ವಾಲ್‌ಸೇರದ ಬೆರೆಂಗೆರ್ ಮತ್ತು ಅವನ ಜನ, ಈ ತುದಿಯಲ್ಲಿ ಮೊಂತರೇಲಿನ ನಾವು. ನಡುವೆ ಹೇಸರಗತ್ತೆಯ ಮೇಲೆ ಕುಳಿತ ಬಿಷಪ್ಪರು. ನನ್ನ ಮಗ ಪೊನ್ಸ್ ಆ ಕಡೆಗೆ ನಡೆದ, ಬೆರೆಂಗೆರನ ಐದಾರು ವರ್ಷದ ಮಗಳು ಈ ಕಡೆಗೆ ಬಂದಳು. ನಡುದಾರಿಯಲ್ಲಿ ಎದುರಾದಾಗ ಇಬ್ಬರೂ ಸ್ವಲ್ಪ ಸರಿದು ಒಬ್ಬರಿಗೊಬ್ಬರು ದಾರಿ ಬಿಟ್ಟರು, ಸಂತೆಯ ಓಣಿಯಲ್ಲಿ ಗುರುತಿಲ್ಲದವರು ಬಿಡುವ ಹಾಗೆ.

ಅಳಬೇಡ, ತಿರುಗಿ ನೋಡಬೇಡ ಎಂದು ನಾನೇ ಪೊನ್ಸ್‌ಗೆ ಹೇಳಿಕೊಟ್ಟಿದ್ದೆ. ಏಳು ವರ್ಷದ ಹುಡುಗ ಹೇಳಿದಂತೆಯೇ ಮಾಡಿದ. ಒಮ್ಮೆಯಾದರೂ ತಿರುಗಲಿ ಎಂದು ನಾನು ಕೊನೆಯವರೆಗೂ ಕಾದೆ.

ಎಲ್ಲ ಒಂದು ಹುಲ್ಲುಗಾವಲಿಗಾಗಿ. ಕಣಿವೆಯ ಮೇಲಿನ ಆ ಹಸಿರಿಗೆ ಬೇಸಿಗೆಯಲ್ಲಿ ನಮ್ಮ ಕುರಿಗಳೂ ಹೋಗುತ್ತವೆ, ಅವರ ಕುರಿಗಳೂ ಬರುತ್ತವೆ. ಅದಕ್ಕಾಗಿ ಹತ್ತು ವರ್ಷದ ಹಿಂದೆ ಅವರು ನನ್ನ ಅಣ್ಣನನ್ನು ಕೊಂದರು, ಹೋದ ವರ್ಷ ನಾವು ಬೆರೆಂಗೆರನ ತಮ್ಮನನ್ನು ಕೊಂದೆವು. ಬಿಷಪ್ಪರು ಸಾಕು ಎಂದರು. ಎರಡೂ ಮನೆಯಿಂದ ಒಂದೊಂದು ಮಗು ಒತ್ತೆ. ಯಾರು ಆಣೆ ಮುರಿಯುತ್ತಾರೋ ಅವರ ಮಗು ಇನ್ನೊಬ್ಬರ ಪಾಲು, ಏನು ಬೇಕಾದರೂ ಮಾಡಬಹುದು.

ನನಗಿರುವುದು ಒಬ್ಬನೇ ಮಗ. ಬೆರೆಂಗೆರನಿಗೆ ಮೂರು ಗಂಡುಮಕ್ಕಳು. ಅವನು ಕೊಟ್ಟದ್ದು ಹೆಣ್ಣುಕೂಸನ್ನು. ದಾರಿಯುದ್ದಕ್ಕೂ ನನ್ನ ದಾಯಾದಿ ಇಸಾರ್ನ್ ಇದನ್ನೇ ಹೇಳುತ್ತ ಬಂದ. “ಚಿನ್ನ ಕೊಟ್ಟು ತವರ ತಂದ್ಯಲ್ಲೋ ಸಿಕಾರ್ತ್. ಇವಳನ್ನ ನಾಳೆ ಹೊಳೇಗೆ ಎಸೆದ್ರೂ ಅವನು ಊಟ ಬಿಡಲ್ಲ.”

ಆ ಕೂಸು ಅವನ ಕೈ ಕಚ್ಚಿತು. ರಕ್ತ ಬಂತು.

ಹೆಂಡತಿ ಬ್ರುನಿಸೆಂದ ಮೇಲಿನ ಕೋಣೆಯಿಂದ ಇಳಿಯಲಿಲ್ಲ. ನನ್ನೊಂದಿಗೆ ಮಾತೂ ಇಲ್ಲ. ಇಂಥದ್ದನ್ನು ಇಸಾರ್ನ್ ಬಳಿ ಆಡುವಂತಿಲ್ಲ, ಪಾದ್ರಿಗೆ ಹೇಳಿದರೆ ಊರಿಗೇ ಹೇಳಿದಂತೆ. ಅಣ್ಣ ಬದುಕಿದ್ದರೆ ನಾನು ಇಂದಿಗೂ ಮಠದಲ್ಲಿ ಸನ್ಯಾಸಿಯಾಗಿ ಗ್ರಂಥ ಬರೆದುಕೊಂಡಿರುತ್ತಿದ್ದೆ. ಅಲ್ಲಿ ಕಲಿತ ಅಕ್ಷರ ಇವತ್ತು ಬೇಕಾಯಿತು.

ಅಕ್ಟೋಬರ್, ಕುರಿಗಳು ಬಯಲಿಗಿಳಿದ ವಾರ

ಬೆರೆಂಗೆರನ ಕೂಸು ಊಟ ಮುಟ್ಟುತ್ತಿಲ್ಲ. ಮುದುಕಿ ಮೆಂಗಾರ್ದ ನನ್ನನ್ನೂ ಸಾಕಿದವಳು, ಪೊನ್ಸ್‌ನನ್ನೂ ಸಾಕಿದವಳು. ಅವಳಿಗೇ ಇದನ್ನೂ ಒಪ್ಪಿಸಿದ್ದೇನೆ.

“ಬಾಯಿ ಬಿಡಲ್ಲ ಕಣಪ್ಪ. ಬಿಟ್ರೆ ಕಚ್ಚೋಕೆ.”

“ತಲೆ ಬಾಚಿದ್ಯಾ?”

“ಬಾಚಿದೆ. ಅದರಲ್ಲಿರೋ ಹೇನುಗಳು ನಿನ್ನ ಸೈನ್ಯಕ್ಕಿಂತ ಜಾಸ್ತಿ.”

ಪೊನ್ಸ್ ಅಲ್ಲಿ ಏನು ತಿನ್ನುತ್ತಿರಬಹುದು? ಅವನಿಗೆ ರೊಟ್ಟಿಯ ಗಟ್ಟಿ ಅಂಚು ಹಿಡಿಸುವುದಿಲ್ಲ, ಒಳಗಿನ ಮೆದುವನ್ನು ಕಿತ್ತು ತಿಂದು ಅಂಚನ್ನು ನಾಯಿಗೆ ಹಾಕುತ್ತಾನೆ. ಅಲ್ಲಿ ಹಾಗೆ ಮಾಡಿದರೆ ಹೊಡೆಯುತ್ತಾರೇನೋ.

ಇವತ್ತು ಒಂದು ಯೋಚನೆ ಬಂತು. ಇದು ಧರ್ಮವೋ ಮಾಟವೋ ತಿಳಿಯದು. ಈ ಕೂಸಿನ ತಟ್ಟೆಗೆ ಬಿದ್ದಷ್ಟೇ ನನ್ನ ಮಗನ ತಟ್ಟೆಗೆ ಬೀಳುತ್ತದೆ. ಇವಳಿಗೆ ಚಳಿಯಾದರೆ ಅವನಿಗೂ ಚಳಿ. ನಾನು ದೇವರ ಮುಂದೆ ಹಾಗೆಂದು ಒಪ್ಪಂದ ಮಾಡಿಕೊಂಡೆ. ಕೆಳಗೆ ಹೋಗಿ ರೊಟ್ಟಿಯ ಒಳಗಿನ ಮೆದುವನ್ನು ಕಿತ್ತು, ಹಾಲಿನಲ್ಲಿ ಅದ್ದಿ, ಅವಳ ಮುಂದೆ ಇಟ್ಟು ಹಿಂದೆ ಸರಿದು ನಿಂತೆ. ಬೆಕ್ಕಿಗೆ ಇಡುವಂತೆ.

ನಾನು ಅತ್ತ ತಿರುಗಿದಾಗ ತಿಂದಳು.

ಸಂತ ಮಾರ್ತಿನರ ದಿನ

ಹಂದಿ ಕೊಯ್ದರು. ಹೊಗೆಯಿಂದ ಅಂಗಳವೆಲ್ಲ ಕಣ್ಣೀರು. ಪೊನ್ಸ್ ಇದ್ದಿದ್ದರೆ ಬಾಲ ತನಗೇ ಬೇಕೆಂದು ಜಗಳವಾಡುತ್ತಿದ್ದ. ಸುಟ್ಟ ಬಾಲವನ್ನು ಕೂಸಿಗೆ ಕೊಡಿಸಿದೆ, ಒಪ್ಪಂದದಂತೆ. ಇವತ್ತು ಅಲ್ಲಿಯೂ ಯಾರೋ ಅವನಿಗೆ ಬಾಲ ಕೊಟ್ಟಿರಬೇಕು.

ನರಿ ಚರ್ಮದ ಹೊದಿಕೆಯನ್ನೂ ಕೊಡಿಸಿದ್ದೇನೆ. ಮೆಂಗಾರ್ದ ಗೊಣಗಿದಳು, “ವೈರಿ ಮಗಳಿಗೆ ನರಿ ಚರ್ಮ, ನನಗೆ ಈ ಹಳೇ ಕುರಿತೊಗಲು.”

“ಪೊನ್ಸ್‌ಗೋಸ್ಕರ ಕಣೇ.”

“ಗೊತ್ತಪ್ಪ. ನಾನೂ ಪೊನ್ಸ್‌ಗೋಸ್ಕರಾನೇ ನಡುಗ್ತಾ ಇರೋದು.”

ಬ್ರುನಿಸೆಂದ ಇವತ್ತು ಪೊನ್ಸ್‌ನ ಹಾಸಿಗೆಯನ್ನು ಬಿಸಿಲಿಗೆ ಹಾಕಿ, ಕೊಡವಿ, ಮತ್ತೆ ಹಾಸಿದಳು. ಮೆಟ್ಟಿಲ ಬಳಿ ಎದುರಾದೆವು. ಗೋಡೆಗೆ ಒತ್ತಿ ನಿಂತು ನನಗೆ ದಾರಿ ಬಿಟ್ಟಳು. ಮದುವೆಯಾದ ಹೊಸದರಲ್ಲಿ ಇದೇ ಮೆಟ್ಟಿಲಲ್ಲಿ ದಾರಿ ಬಿಡದೆ ನಿಂತು ನಗುತ್ತಿದ್ದವಳು.

ಡಿಸೆಂಬರ್

ಹಿಮ ಬಿದ್ದು ಕಣಿವೆಯ ದಾರಿ ಮುಚ್ಚಿತು. ಇನ್ನು ವಸಂತದವರೆಗೆ ಅಲ್ಲಿಂದ ಒಂದು ಮಾತೂ ಬಾರದು.

ಕ್ರಿಸ್ಮಸ್ ಕಳೆದ ಮೇಲೆ

ಕೂಸು ಮಾತಾಡಿತು. ಆಡಿದ ಮೊದಲ ಮಾತು ಬೈಗುಳ. ಗುಡಿಯಲ್ಲಿ ನಾನು ಕೀರ್ತನೆ ಹಾಡುತ್ತಿದ್ದೆ. ಮಠದಲ್ಲಿದ್ದಾಗ ಗುರುಗಳು ನನ್ನ ಕಂಠವನ್ನು ಹೊಗಳುತ್ತಿದ್ದರು. ಮುಗಿಸಿ ಹೊರಗೆ ಬರುವಾಗ ಬಾಗಿಲ ಬಳಿ ನಿಂತಿದ್ದವಳು ನನ್ನನ್ನು ನೋಡಿ, ವಾಲ್‌ಸೇರದ ಎಳೆದಾಡುವ ಮಾತಿನಲ್ಲಿ ಹೇಳಿದಳು: “ನೀವು ಹಾಡಿದ್ರೆ ಕತ್ತೆಗೆ ಹಲ್ಲುನೋವು ಬಂದಂಗಿರತ್ತೆ.”

ಇಸಾರ್ನ್ ನಕ್ಕು ನಕ್ಕು ಕಂಬ ಹಿಡಿದುಕೊಂಡ. ನನಗೆ ಸಿಟ್ಟು ಬಂತು. ಆಮೇಲೆ, ಪೊನ್ಸ್ ಕೂಡ ಅಲ್ಲಿ ಯಾರಿಗಾದರೂ ಹೀಗೆ ತಲೆಹರಟೆ ಮಾತಾಡಿರಬಹುದಲ್ಲ ಎನಿಸಿ ಸುಮ್ಮನಾದೆ.

“ನಿಮ್ಮಪ್ಪ ಹಾಡ್ತಾನಾ?” ಎಂದು ಕೇಳಿದೆ.

“ಇಲ್ಲ. ಬರಲ್ಲ ಅಂತ ಅವರಿಗೆ ಗೊತ್ತು.”

ಅವಳ ಹೆಸರು ಫಾಬ್ರಿಸ್ಸ. ಬಿಷಪ್ಪರು ಸೇತುವೆಯ ಮೇಲೆ ಹೇಳಿದ್ದರು, ಮರೆತುಹೋಗಿತ್ತು.

ಫೆಬ್ರುವರಿ, ಮೇಣದಬತ್ತಿ ಹಬ್ಬದ ಹಿಂದಿನ ದಿನ

ಕೂಸಿಗೆ ಗಂಟಲು ಬಾತಿದೆ. ಮೈ ಕಾದ ಕಲ್ಲು. ನೀರು ಇಳಿಯುತ್ತಿಲ್ಲ. ಇದೇ ಜ್ವರಕ್ಕೆ ಕೆಳಗಿನ ಹಳ್ಳಿಯಲ್ಲಿ ಮಕ್ಕಳು ಹೋಗಿವೆ. ಇವಳು ನನ್ನ ಮನೆಯಲ್ಲಿ ಸತ್ತರೆ ಬೆರೆಂಗೆರ್ ನಂಬುತ್ತಾನೆಯೇ? ವಿಷ ಹಾಕಿದರು ಎನ್ನುತ್ತಾನೆ. ಪೊನ್ಸ್‌ನ ಕುತ್ತಿಗೆ ಈ ಕೂಸಿನ ಗಂಟಲಲ್ಲಿದೆ. ದೇವರೇ, ಒಪ್ಪಂದ ಮರೆಯಬೇಡ.

ಮೇಣದಬತ್ತಿ ಹಬ್ಬ

ಹಾಗೇ ಇದೆ. ಉಸಿರೆಳೆದರೆ ಗರಗಸದ ಸದ್ದು. ಕಣ್ಣು ಅರ್ಧ ತೆರೆದಿದೆ, ನನ್ನ ಗುರುತು ಹತ್ತುತ್ತಿಲ್ಲ. ಮೆಂಗಾರ್ದ ಜೇನು ಸವರಿದಳು. ಹಿಂದಿನಿಂದ ಯಾರೋ ನನ್ನ ಭುಜ ಹಿಡಿದು ಪಕ್ಕಕ್ಕೆ ಸರಿಸಿದರು. ಬ್ರುನಿಸೆಂದ. ಹಾಸಿಗೆಯ ಮೇಲೆ ಕುಳಿತು ಕೂಸನ್ನು ಎತ್ತಿ ಎದೆಗೊರಗಿಸಿ ಕೂರಿಸಿಕೊಂಡಳು.

“ಮಲಗಿಸಿದ್ರೆ ಉಸಿರು ಕಟ್ಟತ್ತೆ. ಹೀಗೇ ಕೂರಿಸಬೇಕು. ಇಷ್ಟೂ ತಿಳಿಯಲ್ವಾ ಯಾರಿಗೂ? ನೀರು ಕಾಯಿಸಿ, ಹಬೆ ಬೇಕು. ಏನ್ರೀ ಕಂಬದ ಹಾಗೆ ನಿಂತಿದ್ದೀರಿ?”

ಮೈಕೇಲರ ಹಬ್ಬದಿಂದ ಈಚೆಗೆ ಅವಳು ನನಗೆ ಹೇಳಿದ ಮೊದಲ ಮಾತು ಇದು. ಕಂಬ ಓಡಿಹೋಗಿ ನೀರು ತಂದಿತು.

ಎರಡು ದಿನದ ನಂತರ

ನೀರು ಇಳಿಯಿತು. “ಅಮ್ಮ” ಎಂದಳು. ಬ್ರುನಿಸೆಂದಳಿಗಲ್ಲ, ಜ್ವರದ ಕಣ್ಣಿಗೆ ಕಂಡ ಯಾರಿಗೋ. ಅವಳ ತಾಯಿ ತೀರಿಕೊಂಡಿದ್ದಾಳೆಂದು ಕೇಳಿದ್ದೆ. ಬ್ರುನಿಸೆಂದ “ಹೂಂ” ಎಂದಳು.

ಆಮೇಲೆ ಮೇಲೆ ಹೋಗಿ ಪೊನ್ಸ್‌ನ ಉಣ್ಣೆಯಂಗಿ ತಂದು ಅವಳಿಗೆ ತೊಡಿಸಿದಳು. ನಾನು ನೋಡುತ್ತಿದ್ದುದನ್ನು ನೋಡಿ, “ಅವನಿಗೆ ಇಷ್ಟು ಹೊತ್ತಿಗೆ ಚಿಕ್ಕದಾಗಿರತ್ತೆ” ಎಂದಳು. ಅಷ್ಟು ಹೇಳಿ ನನ್ನ ತೋಳಿಗೆ ಹಣೆಯಿಟ್ಟು ಅತ್ತಳು. ನಾನೂ.

ಗಂಟಲಿಳಿದ ಮೇಲೆ ಹಸಿವೆ ಜೋರು. ಮೊಟ್ಟೆ ಬೇಕಂತೆ. ಈಸ್ಟರ್‌ಗೆ ಮುಂಚಿನ ಉಪವಾಸ ಕಾಲ ಇನ್ನೂ ಶುರುವಾಗಿಲ್ಲ, ಕೊಡಿಸಿದೆ.

ಮಾರ್ಚ್

ಬಹಳ ದಿನ ಬರೆಯಲಿಲ್ಲ. ಬರೆಯುವಂಥದ್ದೇನೂ ಇರಲಿಲ್ಲ. ಫಾಬ್ರಿಸ್ಸ ಎದ್ದು ಓಡಾಡುತ್ತಿದ್ದಾಳೆ. ಒಲೆಯ ಬಳಿ ನನ್ನ ಪೀಠದ ಪಕ್ಕದ ಜಾಗ ತನ್ನದೆಂದು ತೀರ್ಮಾನಿಸಿ, ಅಲ್ಲಿ ಕುಳಿತಿದ್ದ ಇಸಾರ್ನ್‌ನ ಬೇಟೆನಾಯಿಯನ್ನು ಕಿವಿ ಹಿಡಿದು ಎಬ್ಬಿಸಿದಳು. ನಾಯಿ ಎದ್ದಿತು. ಇಸಾರ್ನ್ ನಾಯಿಗೆ ನಾಚಿಕೆಯಿಲ್ಲವೆಂದು ಬೈದ.

ತನ್ನ ಹೆಸರನ್ನು ಬರೆದು ತೋರಿಸಿ ಎಂದಳು. ಬೂದಿಯಲ್ಲಿ ಬರೆದೆ. “ಇಷ್ಟು ಉದ್ದನಾ ನಾನು?” ಎಂದು ಬಗ್ಗಿ ನೋಡಿದಳು. ಆಮೇಲೆ ಹೇಸರಗತ್ತೆಗಳ ಹೆಸರು, ನಾಯಿಯ ಹೆಸರು, ಮೆಂಗಾರ್ದಳ ಹೆಸರು. ಮೆಂಗಾರ್ದಳದು ತನ್ನದರಷ್ಟೇ ಉದ್ದವಿರಬಾರದು ಎಂದು ಎರಡಕ್ಷರ ಅಳಿಸಿದಳು.

ಈಸ್ಟರ್ ಕಳೆದು

ದಾರಿ ತೆರೆಯಿತು. ಮೊದಲು ದಾಟಿ ಬಂದವನು ತಿಂಗಳುಗಟ್ಟಲೆ ದೂರದ ಸಂತ ಯಾಕೋಬರ ಗುಡಿಗೆ ಯಾತ್ರೆ ಹೊರಟ ಒಬ್ಬ ಸನ್ಯಾಸಿ. ವಾಲ್‌ಸೇರದಲ್ಲಿ ತಂಗಿ ಬಂದಿದ್ದ.

“ನಿಮ್ಮ ಹುಡುಗ ಚೆನ್ನಾಗಿದ್ದಾನೆ ದೊರೆ. ಕೆನ್ನೆ ಸೇಬಿನ ಹಾಗಿದೆ. ಬೆರೆಂಗೆರ್ ದೊರೆ ಎಲ್ಲಿ ಹೋದ್ರೂ ಕುದುರೆ ಜೀನಿನ ಮುಂದ್ಗಡೆ ಕೂರಿಸ್ಕೊಂಡು ಹೋಗ್ತಾರೆ. ಹುಡುಗ ಲಗಾಮು ಹಿಡೀತಾನೆ, ಅವರು ಹಾಡ್ತಾರೆ.”

“ಬೆರೆಂಗೆರ್ ಹಾಡ್ತಾನಾ?”

“ಕೇಳೋಕಾಗಲ್ಲ. ಹುಡುಗ ನಗ್ತಾನೆ ಅಂತ ಹಾಡ್ತಾರೆ.”

ಸನ್ಯಾಸಿಗೆ ಊಟ ಹಾಕಿಸಿದೆ. ಒಳ್ಳೆಯ ಸುದ್ದಿ. ದೇವರು ಒಪ್ಪಂದ ಉಳಿಸಿಕೊಂಡ. ಬ್ರುನಿಸೆಂದ ಅದನ್ನೇ ಮೂರು ಸಲ ಹೇಳಿಸಿಕೊಂಡಳು. ಪೊನ್ಸ್‌ನನ್ನು ಜೀನಿನ ಮುಂದೆ ಕೂರಿಸಿಕೊಳ್ಳಬೇಕೆಂದು ನನಗೇಕೆ ಎಂದೂ ಹೊಳೆಯಲಿಲ್ಲ? ಹಿಂದೆ ಒಬ್ಬ ಆಳಿನ ಕುದುರೆಯ ಮೇಲೆ ಕೂರಿಸುತ್ತಿದ್ದೆ. ನಮ್ಮಪ್ಪ ನನ್ನನ್ನು ಕೂರಿಸಿದಂತೆ.

ಮೇ

ಗಿರಣಿ ನೋಡಲು ಹೋದೆ. ಫಾಬ್ರಿಸ್ಸಳನ್ನು ಜೀನಿನ ಮುಂದೆ ಕೂರಿಸಿಕೊಂಡೆ. ಮೊದಲು ಹೆದರಿದಳು, ಆಮೇಲೆ ಲಗಾಮು ಕಿತ್ತುಕೊಂಡಳು. ಹಳ್ಳದ ದಾರಿಯಲ್ಲಿ ಕಾಡುಬೆರ್ರಿ ಹೂ ಬಿಟ್ಟಿದೆ. ಗಿರಣಿಯವನ ಹೆಂಡತಿ ನಮ್ಮನ್ನು ನೋಡಿ, “ಮಗಳು ನಿಮ್ಮ ಹಾಗೇ ಇದ್ದಾಳೆ ದೊರೆ” ಎಂದಳು. ಅವಳು ಬಯಲುಸೀಮೆಯಿಂದ ಹೊಸದಾಗಿ ಬಂದವಳು, ನಮ್ಮ ಕತೆ ಗೊತ್ತಿಲ್ಲ. ತಿದ್ದಬೇಕಿತ್ತು. ಗಿರಣಿಯ ಸದ್ದಿನಲ್ಲಿ ಕೇಳಿಸುತ್ತಿರಲಿಲ್ಲ.

ದಾರಿಯಲ್ಲಿ ನಾನು ಹಾಡಿದೆ. “ಕತ್ತೆಗೆ ವಾಸಿಯಾಗ್ತಾ ಇದೆ” ಎಂದಳು.

ಸಂತ ಯೋಹಾನರ ಹಬ್ಬ

ಬೆಟ್ಟಗಳ ಮೇಲೆಲ್ಲ ಹಬ್ಬದ ಬೆಂಕಿ ಹಚ್ಚಿದ್ದಾರೆ. ಕಣಿವೆಯಾಚೆಯ ಬೆಂಕಿಯೂ ಕಾಣುತ್ತದೆ, ಅದು ವಾಲ್‌ಸೇರದ್ದು. ಬ್ರುನಿಸೆಂದ ಅತ್ತ ನೋಡುತ್ತ ನಿಂತಿದ್ದಳು. ಫಾಬ್ರಿಸ್ಸಳೂ. ಇಬ್ಬರೂ ಕೈ ಹಿಡಿದುಕೊಂಡಿದ್ದರು, ಒಬ್ಬೊಬ್ಬರ ಕಣ್ಣು ಹುಡುಕುತ್ತಿದ್ದುದು ಬೇರೆ ಬೇರೆಯವರನ್ನು. ಪೊನ್ಸ್‌ನ ಮುಖವನ್ನು ನೆನಪಿಗೆ ತಂದುಕೊಳ್ಳಲು ನೋಡಿದೆ. ಕಿವಿ ಬಂತು, ಮೊಣಕಾಲಿನ ಗಾಯದ ಗುರುತು ಬಂತು. ಮುಖ ಬರಲಿಲ್ಲ.

ಆಗಸ್ಟ್, ಮಾತೆ ಮೇರಿಯ ಹಬ್ಬಕ್ಕೆ ಮುಂಚೆ

ಆಣೆ ಮುರಿಯಿತು. ಹುಲ್ಲುಗಾವಲಿನಲ್ಲಿ ನಮ್ಮ ಕುರಿ ಕಾಯುವ ವಿದಾಲ್‌ನನ್ನು ಬೆರೆಂಗೆರನ ಹಿರಿಯ ಮಗ ಮತ್ತು ಅವನ ಗೆಳೆಯರು ಈಟಿಯಿಂದ ಇರಿದು ಕೊಂದಿದ್ದಾರೆ. ಹಳೆಯ ಮನುಷ್ಯ. ನನ್ನ ಅಣ್ಣನ ಹೆಣವನ್ನು ಅಲ್ಲಿಂದ ಹೊತ್ತು ತಂದವನು ಅವನೇ. ಹೆಣ ಹೇಸರಗತ್ತೆಯ ಮೇಲೆ ಬಂತು.

ಮಧ್ಯಾಹ್ನ ಹಜಾರದಲ್ಲಿ ಎಲ್ಲರೂ ಸೇರಿದರು. ಇಸಾರ್ನ್ ಚಾಕು ತೆಗೆದು ಮೇಜಿನ ಮೇಲೆ ಇಟ್ಟ.

“ಅವಳ ತಲೆ ಬೇಡ. ನಾನೂ ಮನುಷ್ಯನೇ. ಒಂದು ಕಿವಿ ಸಾಕು. ಬಟ್ಟೇಲಿ ಸುತ್ತಿ ಕಳಿಸೋಣ. ಇಷ್ಟೂ ಮಾಡದಿದ್ರೆ ನಾಳೆ ಯಾವನು ನಿನ್ನ ಕುರಿ ಕಾಯ್ತಾನೆ, ಯಾವನು ನಿನ್ನ ಹಿಂದೆ ಈಟಿ ಹಿಡೀತಾನೆ?”

ಕೆಲವರು ತಲೆಯಾಡಿಸಿದರು. ವಿದಾಲ್‌ನ ಮಗ ಅಲ್ಲಿಯೇ ನಿಂತಿದ್ದ. ಅವನ ಮುಖ ನೋಡಲು ನನ್ನಿಂದಾಗಲಿಲ್ಲ.

“ನಾವು ಕಿವಿ ಕಳಿಸಿದ್ರೆ ಅವರು ಪೊನ್ಸ್‌ದು ಏನು ಕಳಿಸ್ತಾರೆ?” ಎಂದೆ.

“ತಪ್ಪು ಮಾಡಿದೋರು ಅವರು. ಬಿಷಪ್ಪರ ಮುಂದೆ ಆಣೆ ಹಾಕಿದ್ದಾರೆ, ಪೊನ್ಸ್‌ನ ಮುಟ್ಟೋ ಹಾಗಿಲ್ಲ.”

ಅಷ್ಟರಲ್ಲಿ ಬ್ರುನಿಸೆಂದ ಬಂದಳು. ನೂಲಿನ ಕದಿರು ಇನ್ನೂ ಕೈಯಲ್ಲಿತ್ತು. ಮೇಜಿನ ಮೇಲಿನ ಚಾಕುವನ್ನು ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.

“ಸಂತ ಮಾರ್ತಿನರ ದಿನ ಬರಲಿ, ಹಂದಿ ಕೊಯ್ಯೋಕೆ ವಾಪಸ್ ಕೊಡ್ತೀನಿ. ಅಲ್ಲೀವರೆಗೂ ಕೈಲಿ ರೊಟ್ಟಿ ಮುರ್ಕೊಂಡು ತಿನ್ನು.”

ಕೆಲವರು ನಗಲೋ ಬೇಡವೋ ಎಂದು ನೋಡಿದರು. ಇಸಾರ್ನ್ ನನ್ನ ಹತ್ತಿರ ಬಂದು ಮೆಲ್ಲನೆ ಕೇಳಿದ. ಅವನು ಕೆಟ್ಟವನಲ್ಲ. ನನ್ನ ಅಣ್ಣನನ್ನು ನನಗಿಂತ ಹೆಚ್ಚು ಪ್ರೀತಿಸುತ್ತಿದ್ದವನು.

“ನಿಜ ಹೇಳು ಸಿಕಾರ್ತ್. ಪೊನ್ಸ್ ಅಲ್ಲಿ ಇಲ್ಲದೇ ಇದ್ದಿದ್ರೆ? ಇಲ್ಲೇ ಕ್ಷೇಮವಾಗಿ ನಿನ್ನ ಪಕ್ಕದಲ್ಲಿ ಇದ್ದಿದ್ರೆ? ಆಗ ಕೊಡ್ತಿದ್ಯಾ ಇವಳನ್ನ?”

“ಇಲ್ಲ.”

“ಯಾಕೆ?”

ವಿದಾಲ್‌ನನ್ನು ಹೂಳುವ ಹೊತ್ತಾಯಿತು ಎಂದೆ. ವಿದಾಲ್‌ನ ಮಗನಿಗೆ, ನಾಳೆ ನಾನೇ ಸೇತುವೆಗೆ ಹೋಗಿ ಬೆರೆಂಗೆರನ ಬಾಯಿಂದ ನ್ಯಾಯ ಕೇಳುತ್ತೇನೆ, ಅದು ನನ್ನ ಮಾತು ಎಂದು ಹೇಳಿದ್ದೇನೆ. ಅವನು ತಲೆಯಾಡಿಸಿದ. ನಂಬಿದನೋ ಇಲ್ಲವೋ.

ಮರುದಿನ

ಆಯುಧವಿಲ್ಲದೆ ಹೋದೆ. ಬೆರೆಂಗೆರನೂ ಹಾಗೆಯೇ ಬಂದಿದ್ದ. ನಮ್ಮ ಜನ ಎರಡು ತುದಿಯಲ್ಲಿ ಉಳಿದರು. ಸೇತುವೆಯ ನಡುವೆ ನಾವಿಬ್ಬರೇ. ಅವನ ಹತ್ತಿರ ಇಷ್ಟು ಸಮೀಪ ನಾನು ಎಂದೂ ನಿಂತಿರಲಿಲ್ಲ. ದೊಡ್ಡ ದೇಹ, ಕೆಂಪು ಗಡ್ಡ. ತುಟಿ ಒಣಗಿತ್ತು.

“ಮುಟ್ಟಿದ್ರಾ ಅವಳನ್ನ?” ಅದೇ ಅವನ ಮೊದಲ ಮಾತು.

“ಇಲ್ಲ.”

ಅವನು ಸೇತುವೆಯ ಹಲಗೆಯ ಮೇಲೆ ಕುಳಿತುಬಿಟ್ಟ. ನಾನೂ ಪಕ್ಕದಲ್ಲಿ ಕುಳಿತೆ. ಹೊಳೆ ನೋಡುತ್ತ ಹೇಳಿದ.

“ನನ್ನ ಮಗ ನನ್ನನ್ನ ಕೇಳಿ ಹೋಗಿರ್ಲಿಲ್ಲ. ತಂಗಿ ಇಲ್ಲಿದ್ದಾಳೆ ಅನ್ನೋದು ಆ ನಾಯಿಗೆ ನೆನಪಾಗ್ಲಿಲ್ಲ. ಬರಿಗಾಲಲ್ಲಿ ಸಂತ ಯಾಕೋಬರ ಗುಡಿಗೆ ಕಳಿಸ್ತೀನಿ. ಬದುಕಿ ಬಂದ್ರೆ ಸತ್ತವನ ಮಗನ ಕಾಲು ಹಿಡೀಬೇಕು. ಹುಲ್ಲುಗಾವಲಿನ ಮೇಲಿನ ಅರ್ಧ ನಿಂದು. ನೀರಿರೋ ಅರ್ಧ.”

ನಾನು ಕೇಳಬೇಕೆಂದಿದ್ದಕ್ಕಿಂತ ಅದು ಹೆಚ್ಚು. ಒಪ್ಪಿದೆ. ಅಲ್ಲಿಗೆ ಎದ್ದು ಹೋಗಬಹುದಿತ್ತು. ಇಬ್ಬರೂ ಏಳಲಿಲ್ಲ.

“ನಿನ್ನ ಮಗ ಮೀನು ತಿನ್ನಲ್ಲ,” ಎಂದ.

“ತಿಂತಿದ್ದ.”

“ಈಗ ತಿನ್ನಲ್ಲ. ಚಳಿಗಾಲದಲ್ಲಿ ಗಂಟಲಿಗೆ ಮುಳ್ಳು ಸಿಕ್ಕೊಂಡಿತ್ತು. ನಾನೇ ಬೆರಳು ಹಾಕಿ ತೆಗೆದೆ. ಅವತ್ತಿಂದ ಮೀನು ಕಂಡ್ರೆ ಬಾಯಿಗೆ ಕೈ.”

ನನ್ನ ಮಗನ ಗಂಟಲು. ಅವನ ಬೆರಳು. ನಾನು ಹೊಳೆ ನೋಡಿದೆ.

“ಇವಳಿಗೆ ಹಲ್ಲು ಬಿತ್ತು,” ಎಂದೆ.

“ಯಾವುದು?”

“ಮೇಲಿಂದು. ಮುಂದಿಂದು, ಎಡಗಡೇದು.”

ಅವನು ತನ್ನ ಅದೇ ಹಲ್ಲನ್ನು ನಾಲಗೆಯಿಂದ ಮುಟ್ಟಿ ನೋಡಿಕೊಂಡ. ಜ್ವರದ ಸುದ್ದಿಯನ್ನೂ ಹೇಳಿದೆ. ಕೇಳುತ್ತ ಕೇಳುತ್ತ ಅವನ ಕೈ ಗಡ್ಡದಲ್ಲೇ ನಿಂತಿತು. ನಾನು ಬಹಳ ದಿನದಿಂದ ಒಳಗಿಟ್ಟುಕೊಂಡಿದ್ದನ್ನು ಕೇಳಿದೆ. ಮೂರು ಗಂಡುಮಕ್ಕಳಿರುವಾಗ ಇವಳನ್ನೇಕೆ ಕೊಟ್ಟೆ?

“ಕಡಿಮೇದು ಕೊಟ್ಟ ಅಂತ ನಿಮ್ಮೋರು ನಕ್ಕಿರಬೇಕು. ನನ್ನನ್ನ ನಾನು ಬಲ್ಲೆ ಕಣಯ್ಯ. ಗಂಡುಹುಡುಗರಲ್ಲಿ ಒಬ್ಬನ್ನ ಕೊಟ್ಟಿದ್ರೆ ಎರಡು ವರ್ಷದಲ್ಲಿ ಸಿಟ್ಟು ಬಂದು ಆಣೆ ಮುರೀತಿದ್ದೆ. ಇವಳನ್ನ ಕೊಟ್ರೆ ಮಾತ್ರ ನಾನು ಸುಮ್ನಿರ್ತೀನಿ ಅಂತ ಗೊತ್ತಿತ್ತು.”

ಹೊರಡುವಾಗ ಕೇಳಿದ: “ಹೆಬ್ಬೆರಳು ಚೀಪ್ತಾಳಾ ಇನ್ನೂ?”

ಚೀಪುವುದಿಲ್ಲ. ಯಾವಾಗ ಬಿಟ್ಟಳೆಂದು ನನಗೂ ಗೊತ್ತಿಲ್ಲ. “ಆಗಾಗ,” ಎಂದೆ.

ಸೆಪ್ಟೆಂಬರ್

ಬಿಷಪ್ಪರಿಂದ ಜನ ಬಂದಿದ್ದರು. ಎರಡು ಮನೆಯವರೂ ನ್ಯಾಯಕ್ಕೆ ತಲೆಬಾಗಿದ್ದರಿಂದ ಶಾಂತಿ ಗಟ್ಟಿಯಾಯಿತು, ಇನ್ನು ಒತ್ತೆ ಬೇಡ, ಮೈಕೇಲರ ಹಬ್ಬಕ್ಕೆ ಮಕ್ಕಳು ತಮ್ಮ ತಮ್ಮ ಮನೆಗೆ.

ಬಹಳ ಸಂತೋಷದ ಸುದ್ದಿ.

ಹಬ್ಬಕ್ಕೆ ವಾರವಿರುವಾಗ

ಬ್ರುನಿಸೆಂದ ಎರಡು ಅಂಗಿ ಹೊಲಿಯುತ್ತಿದ್ದಾಳೆ. ಒಂದು ಪೊನ್ಸ್‌ಗೆ, ಅಂದಾಜಿನ ಅಳತೆಯದು. ಒಂದು ಫಾಬ್ರಿಸ್ಸಳಿಗೆ, ಮೈಗೆ ಹಿಡಿದು ನೋಡಿದ ಅಳತೆಯದು.

ಫಾಬ್ರಿಸ್ಸ ಕೇಳಿದಳು, “ನಾನು ಹೋದ್ರೇನೇ ಪೊನ್ಸ್ ಬರೋದಾ? ಇಬ್ರೂ ಇಲ್ಲೇ ಇರಬಾರ್ದಾ?”

ಮರುಕ್ಷಣ ಅವಳೇ ತಲೆಯಾಡಿಸಿದಳು. “ಬೇಡ. ಆಮೇಲೆ ಅಪ್ಪಂಗೆ ಯಾರಿರ್ತಾರೆ.”

ಮೆಂಗಾರ್ದ ಇವತ್ತು ಯಾರನ್ನೂ ಬೈಯಲಿಲ್ಲ. ಮೈಗೆ ಹುಷಾರಿಲ್ಲವೇ ಎಂದು ಕೇಳಿದೆ. “ಹೊಗೆ” ಎಂದಳು. ಒಲೆ ಇನ್ನೂ ಹೊತ್ತಿಸಿರಲಿಲ್ಲ.

ಸಂತ ಮೈಕೇಲರ ಹಬ್ಬ

ಅದೇ ಸೇತುವೆ. ನಾನು ಅವಳನ್ನು ಜೀನಿನಿಂದ ಇಳಿಸಿದೆ. ಏನೋ ಹೇಳಬೇಕೆಂದು ಬಗ್ಗಿದೆ. ಅವಳು ಆ ಕಡೆಯ ಕೆಂಪು ಗಡ್ಡವನ್ನು ನೋಡಿದ್ದೇ ಓಡಿದಳು. ಸೇತುವೆಯ ಹಲಗೆಗಳೆಲ್ಲ ಸದ್ದು ಮಾಡುವಂತೆ ಓಡಿದಳು. ಮಕ್ಕಳು ಓಡುತ್ತಾರೆ. ಅದು ಸರಿ.

ಪೊನ್ಸ್ ನಡೆದು ಬಂದ. ಇಷ್ಟುದ್ದ ಆಗಿದ್ದಾನೆ. ನನ್ನ ಮುಂದೆ ನಿಂತು, ಎದೆಯ ಮೇಲೆ ಕೈಯಿಟ್ಟು ಬಾಗಿ, “ದೇವರು ನಿಮ್ಮನ್ನ ಕಾಪಾಡಲಿ, ದೊರೆ” ಎಂದ. ವಾಲ್‌ಸೇರದ ಎಳೆದಾಡುವ ಮಾತು. ಯಾರೋ ಚೆನ್ನಾಗಿ ಹೇಳಿಕೊಟ್ಟಿದ್ದಾರೆ. ಬ್ರುನಿಸೆಂದ ಮಂಡಿಯೂರಿ ಅವನನ್ನು ಅಪ್ಪಿಕೊಂಡಳು. ಅವನು ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಗಾಳಿಯಲ್ಲಿ ಹಿಡಿದಿದ್ದ.

ಮಗ ಮನೆಗೆ ಬಂದಿದ್ದಾನೆ. ದೇವರಿಗೆ ಸ್ತೋತ್ರ.

ಅಕ್ಟೋಬರ್

ಮಳೆ.

ಅಕ್ಟೋಬರ್, ಮತ್ತೊಂದು ದಿನ

ಅಂಗಿ ಚಿಕ್ಕದಾಯಿತು. ಬ್ರುನಿಸೆಂದ ಬಿಚ್ಚಿ ಮತ್ತೆ ಹೊಲಿಯುತ್ತಿದ್ದಾಳೆ. ಪೊನ್ಸ್ ಹೇಳಿದ್ದನ್ನೆಲ್ಲ ಮಾಡುತ್ತಾನೆ, ಕೇಳಿದ್ದಕ್ಕೆ ಉತ್ತರ ಕೊಡುತ್ತಾನೆ, ರೊಟ್ಟಿಯ ಅಂಚನ್ನೂ ತಿನ್ನುತ್ತಾನೆ. ಊಟವಾದ ಮೇಲೆ ಕಣಿವೆಯ ಕಡೆಯ ಕಿಟಕಿಯಲ್ಲಿ ಕೂರುತ್ತಾನೆ. ಜೀನಿನ ಮುಂದೆ ಕೂರುತ್ತೀಯಾ ಎಂದು ಕೇಳಿದೆ. “ನಿಮಗೆ ತೊಂದರೆಯಾಗತ್ತೆ ದೊರೆ” ಎಂದ.

“ಅಪ್ಪ ಅನ್ನು.”

“ಆಗಲಿ,” ಎಂದ. ಅನ್ನಲಿಲ್ಲ.

ಮಗನಿಗಾಗಿ ವರ್ಷವಿಡೀ ಹಂಬಲಿಸಿದೆ. ಅವನು ಎದುರಿಗಿದ್ದಾನೆ, ಹಂಬಲ ಮಾತ್ರ ಹಾಗೇ ಉಳಿದಿದೆ. ಮಠದಲ್ಲಿ ಓದಿದ ಯಾವ ಗ್ರಂಥದಲ್ಲೂ ಇದಕ್ಕೆ ಹೆಸರು ಓದಿದ ನೆನಪಿಲ್ಲ. ಹವಾ ಬದಲಾದದ್ದಕ್ಕೆ ಇರಬೇಕು.

ನವೆಂಬರ್, ಭಾನುವಾರ

ಇವತ್ತು ನಡೆದದ್ದನ್ನು ಬರೆದಿಡುತ್ತೇನೆ.

ಸಂಜೆಗೆ ಮುಂಚೆ ಒಲೆಯಲ್ಲಿ ಕಾಡುಬಾದಾಮಿಯಂಥ ಚೆಸ್ಟ್‌ನಟ್ ಸುಡುತ್ತಿದ್ದೆವು. ಬ್ರುನಿಸೆಂದ ನೂಲುತ್ತಿದ್ದಳು. ಪೊನ್ಸ್ ಸುಲಿದು ಸುಲಿದು ನಮಗೆ ಕೊಡುತ್ತಿದ್ದ, ತಾನು ತಿನ್ನುತ್ತಿರಲಿಲ್ಲ. ಏನೋ ಕೇಳಬೇಕೆಂದು ಕೇಳಿದೆ.

“ವಾಲ್‌ಸೇರದ ಮನೆ ಹೇಗಿದೆ?”

ಅವನ ಮುಖ ಮುಚ್ಚಿಕೊಂಡಿತು. “ಗೋಡೆ ಎಷ್ಟೆತ್ತರ, ಬಾಗಿಲೆಷ್ಟು ಅಂತ ಇಸಾರ್ನ್ ಚಿಕ್ಕಪ್ಪ ಆಗಲೇ ಕೇಳಿದ್ರು. ನನಗೆ ನೆನಪಿಲ್ಲ ಅಂದೆ.” ಸ್ವಲ್ಪ ತಡೆದು, “ನೆನಪಿದೆ. ಹೇಳಲ್ಲ,” ಎಂದ. ಹೊಡೆತಕ್ಕೆ ಸಿದ್ಧವಾದವನಂತೆ ಭುಜ ಬಿಗಿಹಿಡಿದು ಕುಳಿತ.

“ಗೋಡೆ ಬೇಡಪ್ಪ,” ಎಂದೆ. “ಒಳಗಿಂದು ಹೇಳು. ಬೆಳಿಗ್ಗೆ ಯಾರು ಮೊದಲು ಏಳ್ತಾರೆ?”

ನನ್ನನ್ನೇ ನೋಡಿದ.

“ದೊರೆ ಏಳ್ತಾರೆ. ಎದ್ದು ಎಲ್ಲರನ್ನೂ ಬೈತಾರೆ. ಸುಮ್ನೆ. ಯಾರಿಗೂ ಸಿಟ್ಟು ಬರಲ್ಲ.”

“ಆಮೇಲೆ?”

“ಆಮೇಲೆ ಗಂಜಿ. ಜೇನು ಹಾಕಿರ್ತಾರೆ, ಉಪವಾಸದ ಶುಕ್ರವಾರ ಬಿಟ್ಟು.”

“ಮಕ್ಕಳು ಎಲ್ಲಿ ಮಲಗೋದು?”

“ಅಡುಗೆಮನೆ ಮೇಲಿನ ಅಟ್ಟದಲ್ಲಿ. ಬೆಚ್ಚಗಿರತ್ತೆ. ಫಾಬ್ರಿಸ್ಸಂದು ಅಂತ ಒಂದು ಹಾಸಿಗೆ ಇತ್ತು ಅಲ್ಲಿ, ಗೋಡೆ ಪಕ್ಕ. ಅದರಲ್ಲಿ ಯಾರನ್ನೂ ಮಲಗಿಸ್ತಿರ್ಲಿಲ್ಲ ದೊರೆ. ದಿನಾ ಹೋಗಿ ಕೈಯಿಟ್ಟು ನೋಡೋರು. ಒಂದ್ಸಲ ತುಂಬ ಚಳಿ ಇದ್ದಾಗ ನನ್ನನ್ನ ಅದರಲ್ಲಿ ಮಲಗಿಸಿದ್ರು.”

ಬ್ರುನಿಸೆಂದಳ ಕದಿರು ನಿಂತಿತ್ತು. ಮೆಂಗಾರ್ದ ಬಾಗಿಲ ಬಳಿ ಬಂದು ನಿಂತಿದ್ದಳು.

ಅವನ ಮಾತಿಗೆ ಈಗ ಕಾಲು ಬಂದಿತ್ತು. ಅಟ್ಟಕ್ಕೆ ಹತ್ತುವ ಏಣಿಯ ಒಂದು ಮೆಟ್ಟಿಲು ಮುರಿದಿದೆ, ಯಾರೂ ಸರಿಮಾಡುವುದಿಲ್ಲ, ಎಲ್ಲರಿಗೂ ದಾಟಿ ಕಾಲಿಡುವುದು ಗೊತ್ತು. ಕಣ್ಣಿಲ್ಲದ ಒಂದು ಹಳೆಯ ನಾಯಿ ದೊರೆಯ ಕಾಲ ಮೇಲೆ ಮಲಗುತ್ತದೆ. ಹಿಮ ಬಿದ್ದಾಗ ಅಡುಗೆಯವಳು ಅಟ್ಟದವರೆಗೆ ರೊಟ್ಟಿಯನ್ನು ಎಸೆಯುತ್ತಾಳೆ, ಹಿಡಿಯದಿದ್ದರೆ ಆ ಹೊತ್ತಿನ ಊಟವಿಲ್ಲ. ಅದನ್ನು ಹೇಳುವಾಗ ನಕ್ಕ. ಸೇತುವೆಯಿಂದ ಈಚೆಗೆ ಅವನು ನಕ್ಕದ್ದು ಅದೇ ಮೊದಲು. ಹೇಳುತ್ತ ಹೇಳುತ್ತ ಚೆಸ್ಟ್‌ನಟ್ ಒಂದನ್ನು ಬಾಯಿಗೆ ಹಾಕಿಕೊಂಡ.

ನಾನು ಕೇಳುತ್ತಿದ್ದೆ. ಆ ಏಣಿ ಹತ್ತುವ ಫಾಬ್ರಿಸ್ಸಳ ಪುಟ್ಟ ಕಾಲುಗಳು ನನಗೆ ಕಾಣುತ್ತಿದ್ದವು.

“ಹಿಮ ಜಾಸ್ತಿಯಾದ್ರೆ ಕುರಿಮರಿಗಳನ್ನೂ ಒಳಗೆ ಬಿಡ್ತಾರೆ,” ಎಂದ ಪೊನ್ಸ್. “ಇಲ್ಲಿ ಬಿಡಲ್ಲ ಅಲ್ವಾ? ನಮ್ಮ ಮನೇಲಿ...”

ಅಲ್ಲಿಗೆ ನಿಂತ. ಕೈಯಲ್ಲಿದ್ದ ಸಿಪ್ಪೆ ಕೆಳಗೆ ಬಿತ್ತು. ನನ್ನನ್ನು ನೋಡಿ, ತಾಯಿಯನ್ನು ನೋಡಿದ. ಕಿವಿಯವರೆಗೆ ಕೆಂಪಾಗಿದ್ದ.

ನಾನು ಬೂದಿಯಿಂದ ಇನ್ನೊಂದು ಚೆಸ್ಟ್‌ನಟ್ ತೆಗೆದು, ಊದಿ, ಸುಲಿದು ಅವನ ಕೈಗಿಟ್ಟೆ.

“ಹೂಂ, ನಿಮ್ಮ ಮನೇಲಿ,” ಎಂದೆ. “ಆಮೇಲೆ?”